ಹಸಿರು ಚೀಟಿಯನ್ನು ನಂಬಿ ಮನೆಗೆ ಹೋದವರ ಬಗ್ಗೆ

ನಿನ್ನೆಯಿಂದ ತಲೆ ಕೆಟ್ಟುಹೋಗಿದೆ. ಬರೆದು ಹಾಕದೆ ಸಮಾಧಾನ ಆಗುವ ಹಾಗೆ ಕಾಣುವುದಿಲ್ಲ. ಉದ್ದವಾಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ಕಾಲೇಜಿನಲ್ಲಿ ನಮಗೆಲ್ಲ ಆರೋಗ್ಯ ತಪಾಸಣೆ ಇತ್ತು. ಮೊದಲ ಮೇಜಿನಲ್ಲಿ ಎತ್ತರ ಮತ್ತು ತೂಕ. ಅಲ್ಲಿ ಕೂತಿದ್ದ ಹುಡುಗ ಎರಡನ್ನೂ ಲ್ಯಾಪ್‌ಟಾಪಿಗೆ ಹಾಕಿದ ತಕ್ಷಣ ಪ್ರಿಂಟರಿನಿಂದ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡುವ ಲೆಕ್ಕ, ಎಷ್ಟು ಅಂತ ಒಂದು ಸಂಖ್ಯೆ, ಅದರ ಸುತ್ತ ಬಣ್ಣ. 25ರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಕೆಂಪು ಬಂದವರನ್ನು ಮಾತ್ರ ರಕ್ತ ಪರೀಕ್ಷೆಯ ಸಾಲಿಗೆ ಕಳಿಸುತ್ತಿದ್ದರು. ಹಸಿರು ಬಂದವರು ಬಿಪಿ ನೋಡಿಸಿಕೊಂಡು ಹೊರಡಬಹುದು.

ನನ್ನ ಮುಂದೆ ನಿಂತಿದ್ದವರು ಇತಿಹಾಸ ವಿಭಾಗದ ಸರ್. ಐವತ್ತರ ಆಸುಪಾಸು. ಕೈಕಾಲು ಸಣ್ಣ, ಆದರೆ ಅಂಗಿಯ ಗುಂಡಿಗಳು ಹೊಟ್ಟೆಯ ಹತ್ತಿರ ಎಳೆದುಕೊಂಡು ನಿಂತಿವೆ. ತಂದೆಗೆ ಶುಗರ್ ಇತ್ತು, ಅಣ್ಣನಿಗೆ ಇದೆ, ಸ್ಟಾಫ್‌ರೂಮಿನಲ್ಲಿ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಎತ್ತರ 166 ಸೆಂ.ಮೀ., ತೂಕ 62 ಕೆ.ಜಿ., ಬಿಎಂಐ 22.5. ಹಸಿರು. “ಸರ್, ನೀವು ಪರ್ಫೆಕ್ಟ್. ನಿಮಗೆ ಬ್ಲಡ್ ಟೆಸ್ಟ್ ಏನೂ ಬೇಡ” ಅಂದ ಹುಡುಗ. ಸರ್ ಖುಷಿಯಾಗಿ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ನನ್ನ ಹಿಂದೆ ನಮ್ಮ ದೈಹಿಕ ಶಿಕ್ಷಣದ ಮೇಡಂ. ಮಕ್ಕಳ ಜೊತೆ ದಿನಾ ಬೆಳಿಗ್ಗೆ ಮೈದಾನದಲ್ಲಿ ಓಡುವವರು. 158 ಸೆಂ.ಮೀ., 68 ಕೆ.ಜಿ., ಬಿಎಂಐ 27.2. ಕೆಂಪು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುವ ಹಾಗೆ “ಸ್ವಲ್ಪ ಕಂಟ್ರೋಲ್ ಮಾಡಬೇಕು ಮೇಡಂ” ಅಂತ ಬುದ್ಧಿವಾದ. ಅವರ ಮುಖ ಸಣ್ಣದಾಯಿತು. ಸಂಜೆ ಅವರ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲ ಸರಿಯಾಗಿದೆ. ಒಳ್ಳೆಯದೇ ಆಯಿತು. ಅವಮಾನವಾದರೂ ಅವರಿಗೆ ಪರೀಕ್ಷೆಯಾದರೂ ಆಯಿತು. ನನಗೆ ನಿದ್ದೆಗೆಡಿಸಿದ್ದು ಸರ್ ಜೇಬಿಗೆ ಹಾಕಿಕೊಂಡ ಹಸಿರು ಚೀಟಿ.

ನಾನು ಡಾಕ್ಟರ್ ಅಲ್ಲ, ನಿಮಗೆಲ್ಲ ಗೊತ್ತಿದೆ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು. ಆದರೆ ಬಿಎಂಐ ಹುಟ್ಟಿದ್ದು ನನ್ನ ವಿಷಯದ ಮನೆಯಲ್ಲೇ, ಆಸ್ಪತ್ರೆಯಲ್ಲಲ್ಲ. ಹಾಗಾಗಿ ಇದರ ಬಗ್ಗೆ ಮಾತಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಅಡಾಲ್ಫ್ ಕೆಟ್ಲೆ ಅಂತ ಬೆಲ್ಜಿಯಂನ ಖಗೋಳ ವಿಜ್ಞಾನಿ, ಗಣಿತಜ್ಞ. ನಕ್ಷತ್ರಗಳ ಅಳತೆಗೆ ಬಳಸುತ್ತಿದ್ದ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದ ಮೊದಲಿಗರಲ್ಲಿ ಒಬ್ಬ. 1830ರ ದಶಕದಲ್ಲಿ ಆತ ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು. ಬೆಳೆದ ಮನುಷ್ಯರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದರೆ ಬರುವ ಸಂಖ್ಯೆಗೆ) ಅನುಗುಣವಾಗಿ ಏರುತ್ತದೆ ಅಂತ ಕಂಡುಕೊಂಡ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸುವ ಇವತ್ತಿನ ಸೂತ್ರದ ಮೂಲ ಅದೇ. ಯಾರಿಗೆ ಬೊಜ್ಜಿದೆ, ಯಾರಿಗೆ ಕಾಯಿಲೆ ಬರುತ್ತದೆ ಅನ್ನುವ ಯೋಚನೆ ಆತನಿಗೆ ಇರಲೇ ಇಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆ ತೆಗೆದುಕೊಂಡು, ಎತ್ತರ-ತೂಕದ ಬೇರೆ ಬೇರೆ ಸೂತ್ರಗಳನ್ನು ಹೋಲಿಸಿ, ಇದ್ದುದರಲ್ಲಿ ಇದು ವಾಸಿ ಅಂದರು. ಬಾಡಿ ಮಾಸ್ ಇಂಡೆಕ್ಸ್ ಅನ್ನುವ ಹೆಸರು ನಿಂತಿದ್ದು ಆಗ. ಅಷ್ಟು ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಎಲ್ಲ ಗಂಡಸರೇ. ಅವರು ಕೂಡ ಇದು ಪೂರ್ತಿ ತೃಪ್ತಿಕರ ಅಂತ ಹೇಳಲಿಲ್ಲ, ಉಳಿದ ಸೂತ್ರಗಳಿಗಿಂತ ಕಳಪೆಯಲ್ಲ ಅಂದರು, ಅಷ್ಟೇ.

ಜನಸಮೂಹಕ್ಕೆ ಈ ಸಂಖ್ಯೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ನಾನು ಮನಸ್ಸಿಲ್ಲದೆ ಹೇಳುತ್ತಿಲ್ಲ. 2016ರಲ್ಲಿ ನಾಲ್ಕು ಖಂಡಗಳ 239 ಅಧ್ಯಯನಗಳನ್ನು, ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಸಾವಿನ ಅಪಾಯ ತೀರಾ ಕಡಿಮೆ ಇದ್ದದ್ದು ಬಿಎಂಐ 20ರಿಂದ 25ರ ನಡುವೆ. ಅದರಿಂದ ಕೆಳಗೆ ಹೋದರೂ ಏರುತ್ತದೆ, ಮೇಲೆ ಹೋದರೂ ಏರುತ್ತದೆ. ಒಂದು ದೇಶದಲ್ಲಿ ಹತ್ತು ವರ್ಷದಲ್ಲಿ ಬೊಜ್ಜು ಹೆಚ್ಚಿತೋ, ಅಪೌಷ್ಟಿಕತೆ ಇಳಿಯಿತೋ ತಿಳಿಯಲು ಇಷ್ಟು ಸುಲಭದ, ಇಷ್ಟು ಅಗ್ಗದ ಅಳತೆ ಇನ್ನೊಂದಿಲ್ಲ. ಆದರೆ ಲಕ್ಷ ಜನರ ಸರಾಸರಿಯಲ್ಲಿ ನಿಜವಾದದ್ದು ನನ್ನ ಮುಂದೆ ನಿಂತ ಒಬ್ಬರ ಮೈಯಲ್ಲಿ ನಿಜವಾಗಿರಲೇಬೇಕು ಅಂತಿಲ್ಲ. ಮೊದಲ ವರ್ಷದ ಮಕ್ಕಳಿಗೆ ನಾನು ಹೇಳಿಕೊಡುವ ಪಾಠ ಇದು. ಅವರು ಪರೀಕ್ಷೆಯಲ್ಲಿ ತಪ್ಪು ಮಾಡಿದರೆ ಅಂಕ ಹೋಗುತ್ತದೆ, ತಪಾಸಣೆಯ ಮೇಜಿನಲ್ಲಿ ತಪ್ಪಾದರೆ ಇನ್ನೊಬ್ಬರ ಕಣ್ಣೋ ಕಿಡ್ನಿಯೋ ಹೋಗಬಹುದು.

ನನ್ನ ಸಿಟ್ಟಿನ ಮೂಲ ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯಾವ ತಪಾಸಣೆಗೂ ಎರಡು ಪ್ರಶ್ನೆ ಕೇಳಬೇಕು. ತೊಂದರೆ ಇರುವವರಲ್ಲಿ ಎಷ್ಟು ಜನರನ್ನು ಇದು ಹಿಡಿಯುತ್ತದೆ? ತೊಂದರೆ ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ? ಬಿಎಂಐ ಬಗ್ಗೆ ಈ ಲೆಕ್ಕ ಆಗಿದೆ. 2010ರಲ್ಲಿ ಸುಮಾರು 32 ಸಾವಿರ ಜನರ ಮಾಹಿತಿಯನ್ನು ಒಟ್ಟು ಮಾಡಿ, ದೇಹದ ಕೊಬ್ಬನ್ನು ನೇರವಾಗಿ ಅಳೆದ ಪರೀಕ್ಷೆಗಳ ಜೊತೆ ಬಿಎಂಐಯನ್ನು ಹೋಲಿಸಿದರು. ನಿಜಕ್ಕೂ ಕೊಬ್ಬು ಹೆಚ್ಚಿಲ್ಲದ ಹತ್ತು ಜನರಲ್ಲಿ ಒಂಬತ್ತು ಜನರನ್ನು ಅದು ಸರಿಯಾಗಿಯೇ ಬಿಟ್ಟಿತ್ತು. ಆದರೆ ಕೊಬ್ಬು ಹೆಚ್ಚಿರುವವರಲ್ಲಿ ಅದು ಹಿಡಿದದ್ದು ಅರ್ಧದಷ್ಟು ಜನರನ್ನು ಮಾತ್ರ. ಉಳಿದ ಅರ್ಧ ಜನ ಕೈಯಲ್ಲಿ ಹಸಿರು ಚೀಟಿ ಹಿಡಿದು ಮನೆಗೆ ಹೋದರು.

ಅಂದರೆ ಬಿಎಂಐ ಬೊಜ್ಜು ಅಂತ ಎಚ್ಚರಿಸಿದಾಗ ಅದರ ಮಾತು ಬಹುಮಟ್ಟಿಗೆ ನಿಜ. ಅದು ಸುಮ್ಮನಿದ್ದಾಗ ಮಾತ್ರ ಆ ಮೌನವನ್ನು ನಂಬಬಾರದು. ನಾವು ಮಾಡುತ್ತಿರುವುದು ನೇರ ಉಲ್ಟಾ. ಕೆಂಪು ಬಂದವರು ಜಗಳ ಮಾಡುತ್ತಾರೆ, ನನ್ನ ಮೂಳೆ ದಪ್ಪ, ನನ್ನದು ಸ್ನಾಯು ಅಂತ ವಾದಿಸುತ್ತಾರೆ. ಹಸಿರು ಬಂದವರು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಫೇಸ್‌ಬುಕ್ಕಿನಲ್ಲಿ ಬಿಎಂಐ ವಿಷಯ ಬಂದರೆ ಯಾರಾದರೊಬ್ಬರು ಬಾಡಿಬಿಲ್ಡರ್ ಫೋಟೋ ಹಾಕುತ್ತಾರೆ. “ನೋಡಿ, ಇವನ ಬಿಎಂಐ 32, ಇವನಿಗೆ ಬೊಜ್ಜಂತೆ, ಎಲ್ಲ ಬೋಗಸ್” ಅನ್ನುತ್ತಾರೆ. ಆ ಫೋಟೋ ಹಾಕುವವರ ಮೇಲೂ ನನಗೆ ಕೋಪವಿದೆ. ಫೋಟೋದಲ್ಲಿರುವಾತನ ಬಗ್ಗೆ ಅವರು ಹೇಳುವುದು ನಿಜ. ಆದರೆ 32 ಇರುವವರಲ್ಲಿ ಅಂಥವರು ಎಷ್ಟು ಜನ ಸಿಗುತ್ತಾರೆ? ಒಬ್ಬ ಕಟ್ಟುಮಸ್ತಾದವನ ಫೋಟೋ ನೋಡಿ ನೂರು ಜನ ತಮಗೂ ಅದು ಅನ್ವಯಿಸುತ್ತದೆ ಅಂದುಕೊಂಡು ಚೀಟಿ ಹರಿದುಹಾಕಿದರೆ ಅದರ ಹೊಣೆ ಯಾರು ಹೊರುತ್ತಾರೆ? ದೊಡ್ಡ ಅನ್ಯಾಯ ಆಗುತ್ತಿರುವುದು ಸ್ನಾಯು ಇರುವವರಿಗಲ್ಲ. ಸಣ್ಣಗೆ ಕಾಣುತ್ತಾ, ಹೊಟ್ಟೆಯೊಳಗೆ, ಲಿವರಿನ ಸುತ್ತ ಕೊಬ್ಬು ತುಂಬಿಕೊಂಡಿರುವವರಿಗೆ. ಅವರ ಫೋಟೋ ಯಾರೂ ಹಾಕುವುದಿಲ್ಲ. ನೋಡಲು ಅವರು ಎಲ್ಲರ ಹಾಗೇ ಇರುತ್ತಾರೆ.

ಒಂದು ಫೋಟೋ ಮಾತ್ರ ಇದೆ, ಅದನ್ನು ನಾನು ತರಗತಿಯಲ್ಲಿ ತೋರಿಸುತ್ತೇನೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ವೈದ್ಯ ಸಂಶೋಧಕರು ಪಕ್ಕಪಕ್ಕ ನಿಂತಿದ್ದಾರೆ: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಎರಡು ಪಟ್ಟಿಗಿಂತ ಹೆಚ್ಚು! ಒಂದೇ ಸಂಖ್ಯೆ, ಒಂದೇ ಹಸಿರು ಬಣ್ಣ, ಒಳಗೆ ಎರಡು ಬೇರೆ ಬೇರೆ ದೇಹ. ಸಣ್ಣ ಮೈಯಲ್ಲಿ ಅಡಗಿರುವ ಈ ಕೊಬ್ಬಿನ ಬಗ್ಗೆ ಯಾಜ್ಞಿಕ್ ಮತ್ತು ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ನವಜಾತ ಶಿಶುಗಳಲ್ಲೂ ಅದನ್ನು ತೋರಿಸಿದ್ದಾರೆ. ದಕ್ಷಿಣ ಏಷ್ಯಾದವರಿಗೆ ಯುರೋಪಿನವರಿಗಿಂತ ಕಡಿಮೆ ಬಿಎಂಐಯಲ್ಲೇ ಡಯಾಬಿಟಿಸ್ ಬರುತ್ತದೆ ಅನ್ನುವುದು ಈಗ ಹೊಸ ವಿಷಯವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲೇ ಏಷ್ಯಾದ ಜನರಿಗೆ 23 ದಾಟಿದರೆ ಎಚ್ಚರ, 27.5 ದಾಟಿದರೆ ಹೆಚ್ಚಿನ ಎಚ್ಚರ ಅಂತ ಹೇಳಿತ್ತು. ಇಪ್ಪತ್ತು ವರ್ಷದ ಮೇಲಾಯಿತು. ಆ ಲ್ಯಾಪ್‌ಟಾಪಿನಲ್ಲಿ ಇನ್ನೂ 25 ಕೂತಿದೆ.

ಹಾಗಂತ 25 ಅನ್ನು 23 ಮಾಡಿದರೆ ಮುಗಿಯಿತೇ? ಸರ್ ಅವರದು 22.5. ಆಗಲೂ ಹಸಿರೇ ಬರುತ್ತದೆ. ಗೆರೆಯನ್ನು ಎಲ್ಲಿಗೆ ಸರಿಸಿದರೂ ಅದರ ಆಚೆ ಒಬ್ಬರು ಉಳಿದೇ ಉಳಿಯುತ್ತಾರೆ. ಯಾಕೆಂದರೆ ಈ ಸೂತ್ರಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು, ಮೂಳೆ ಯಾವುದು, ಮೈಯಲ್ಲಿ ಸೇರಿದ ನೀರು ಯಾವುದು ಗೊತ್ತಿಲ್ಲ. ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗಿದೆಯೋ ಗೊತ್ತಿಲ್ಲ. ವಯಸ್ಸು ಗೊತ್ತಿಲ್ಲ. ಮನೆಯಲ್ಲಿ ಯಾರಿಗೆ ಏನಿತ್ತು ಗೊತ್ತಿಲ್ಲ. ಅಮೆರಿಕದ ಡಯಾಬಿಟಿಸ್ ಸಂಘದ ಸಲಹೆಯಲ್ಲಿ 35 ವರ್ಷ ದಾಟಿದ ಎಲ್ಲರಿಗೂ ಶುಗರ್ ಪರೀಕ್ಷೆ ಮಾಡಿ ಅಂತಿದೆ, ಬಿಎಂಐ ಎಷ್ಟೇ ಇರಲಿ. ಐವತ್ತರ ಹತ್ತಿರದ, ತಂದೆಗೂ ಅಣ್ಣನಿಗೂ ಶುಗರ್ ಇರುವ ಮನುಷ್ಯನನ್ನು ಒಂದು ಭಾಗಾಕಾರದ ಲೆಕ್ಕ ಮಾಡಿ ವಾಪಸ್ ಕಳಿಸಿದ್ದನ್ನು ಯಾವ ನಿಯಮದ ಪುಸ್ತಕವೂ ಒಪ್ಪುವುದಿಲ್ಲ.

ಶಿಬಿರ ನಡೆಸಿದವರ ಹತ್ತಿರ ಹೋಗಿ ಕೇಳಿದೆ. ಉತ್ತರ ಬಂತು: “ಮೇಡಂ, ಇಷ್ಟು ಜನಕ್ಕೆ ಇಷ್ಟೇ ಸಮಯ. ಬಿಎಂಐಗೆ ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಎಲ್ಲರಿಗೂ ಸ್ಕ್ಯಾನ್ ಮಾಡಿಸೋಕಾಗುತ್ತಾ?” ಸಮಯದ ಕಷ್ಟ ನನಗೂ ಗೊತ್ತು. ಆದರೆ ಸ್ಕ್ಯಾನ್ ಮಾಡಿಸಿ ಅಂತ ಯಾರು ಕೇಳಿದರು? ಅಳತೆಯ ಟೇಪಿಗೂ ಖರ್ಚಿಲ್ಲ. ಅದಕ್ಕೂ ಅರ್ಧ ನಿಮಿಷವೇ ಸಾಕು. ಎತ್ತರ-ತೂಕ ಎರಡನ್ನೇ ಕೇಳಿಕೊಂಡು ಯಾವ ಟೈಲರೂ ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಸೊಂಟ ಅಳೆದೇ ಅಳೆಯುತ್ತಾನೆ. ಅವನಿಗಿರುವ ಎಚ್ಚರ ಆರೋಗ್ಯ ಶಿಬಿರಕ್ಕೆ ಬೇಡವೇ?

52 ದೇಶಗಳ ಸುಮಾರು 27 ಸಾವಿರ ಜನರನ್ನು ಒಳಗೊಂಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಅಪಾಯವನ್ನು ಬಿಎಂಐಗಿಂತ ಸೊಂಟ ಮತ್ತು ಪೃಷ್ಠದ ಸುತ್ತಳತೆಯ ಅನುಪಾತ ಎಷ್ಟೋ ಚೆನ್ನಾಗಿ ಹೇಳುತ್ತದೆ ಅಂತ ಅದರಲ್ಲಿ ಕಂಡುಬಂತು. ಅದಕ್ಕಿಂತ ಸುಲಭದ ಲೆಕ್ಕವೂ ಇದೆ. ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ, ಇದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2022ರಲ್ಲಿ ಕೊಟ್ಟ ಸಲಹೆ. ಸರ್ ಎತ್ತರ 166, ಅರ್ಧ 83. ಆ ಗುಂಡಿಗಳನ್ನು ನೋಡಿದವರಿಗೆ ಅಳತೆ 83ರಲ್ಲಿ ನಿಲ್ಲುವುದಿಲ್ಲ ಅಂತ ಟೇಪ್ ಇಲ್ಲದೆಯೂ ಗೊತ್ತಾಗುತ್ತದೆ.

ಅಳೆಯುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ಬಹಳ ಜನ ಪ್ಯಾಂಟಿನ ಸೈಜನ್ನೇ ಸೊಂಟದ ಅಳತೆ ಅಂದುಕೊಂಡಿದ್ದಾರೆ. ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಬದಿಯಲ್ಲಿ ಕೈಯಿಟ್ಟು ಪಕ್ಕೆಲುಬಿನ ಕೊನೆ ಎಲ್ಲಿದೆ ನೋಡಿ. ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಎರಡರ ಮಧ್ಯೆ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಿ. ಬಟ್ಟೆಯ ಮೇಲಲ್ಲ, ಮೈಮೇಲೆ. ಟೇಪ್ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟು, ಬಿಟ್ಟ ಕೊನೆಯಲ್ಲಿ ಓದಿಕೊಳ್ಳಿ. ಮುಗಿಯಿತು.

ಇನ್ನು ಆ ಮೇಜಿನಲ್ಲಿ ಬಿಎಂಐಯನ್ನಾದರೂ ಸರಿಯಾಗಿ ಅಳೆದರೇ? ಅದೂ ಇಲ್ಲ. ಅರ್ಧ ಜನರ ಎತ್ತರವನ್ನು ಬಾಯಲ್ಲಿ ಕೇಳಿ ಬರೆದುಕೊಂಡರು, ಶೂ ಬಿಚ್ಚಿಸಲಿಲ್ಲ. ಎತ್ತರವನ್ನು ಈ ಸೂತ್ರದಲ್ಲಿ ಎರಡು ಸಲ ಗುಣಿಸುತ್ತೇವೆ, ಅದರ ತಪ್ಪೂ ಜೊತೆಗೆ ಹೆಚ್ಚುತ್ತದೆ. 65 ಕೆ.ಜಿ. ತೂಕದವರೊಬ್ಬರ ಎತ್ತರ 160 ಅಂತ ಬರೆದರೆ ಬಿಎಂಐ 25.4. ಶೂ ಸಮೇತ 162 ಅಂತ ಬರೆದರೆ 24.8. ಎರಡು ಸೆಂಟಿಮೀಟರ್ ಹಿಮ್ಮಡಿಯ ದಯೆಯಿಂದ ಕೆಂಪು ಹಸಿರಾಗುತ್ತದೆ, ರಕ್ತ ಪರೀಕ್ಷೆ ತಪ್ಪುತ್ತದೆ.

ಈ ವಿಷಯದಲ್ಲಿ ನನಗೆ ಇಷ್ಟು ನೋವು ಯಾಕೆ ಅಂತ ಹಳೆಯ ಸ್ನೇಹಿತರಿಗೆ ಗೊತ್ತು. ಬೇರೆಯವರಿಗಾಗಿ ಹೇಳುತ್ತೇನೆ.

ಅಪ್ಪನ ಕೊನೆಯ ವರ್ಷಗಳು. ಅವರ ಬಿಎಂಐ 27ರ ಮೇಲಿತ್ತು, ನಿಧಾನವಾಗಿ 24ಕ್ಕೆ ಇಳಿಯಿತು. ತೋರಿಸಲು ಹೋದಾಗೆಲ್ಲ “ತೂಕ ಚೆನ್ನಾಗಿ ಇಳಿಸಿದ್ದೀರಿ ಯಜಮಾನ್ರೇ, ನಾರ್ಮಲ್‌ಗೆ ಬಂದಿದ್ದೀರಿ” ಅನ್ನುತ್ತಿದ್ದರು. ಅಪ್ಪನಿಗೂ ಹೆಮ್ಮೆ. ಆದರೆ ಅವರು ಏನನ್ನೂ ಇಳಿಸಿರಲಿಲ್ಲ. ಅದು ತಾನಾಗಿ ಇಳಿಯುತ್ತಿತ್ತು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈಗಳನ್ನು ಊರಬೇಕು, ಮೊದಲ ಪ್ರಯತ್ನದಲ್ಲಿ ಏಳಲಾಗದೆ ಮತ್ತೆ ಕೂತುಬಿಡುವರು. ತೊಡೆ ಸೊರಗಿ ಪಂಚೆ ಜಾರುತ್ತಿತ್ತು, ಹೊಟ್ಟೆ ಮಾತ್ರ ಹಾಗೇ ಇತ್ತು. ಕರಗುತ್ತಿದ್ದದ್ದು ಸ್ನಾಯು. ವಯಸ್ಸಾದ ಮೇಲೆ ಸ್ನಾಯು ಕಳೆದುಕೊಳ್ಳುವುದು ಬೀಳುವುದಕ್ಕೆ, ಮೂಳೆ ಮುರಿಯುವುದಕ್ಕೆ, ಹಾಸಿಗೆ ಹಿಡಿಯುವುದಕ್ಕೆ ದಾರಿ. ವಯಸ್ಸಾದವರಲ್ಲಿ ಪ್ರಯತ್ನಪಡದೆ ತೂಕ ಇಳಿದರೆ ಯಾಕೆ ಅಂತ ಹುಡುಕಲೇಬೇಕು. ಅಪ್ಪನ ವಿಷಯದಲ್ಲಿ ಯಾರೂ ಹುಡುಕಲಿಲ್ಲ. ಸಂಖ್ಯೆ ಹಸಿರಿಗೆ ಬಂದಿತ್ತಲ್ಲ, ಪ್ರಶ್ನೆಗಳು ಅಲ್ಲಿಗೇ ನಿಂತುಹೋದವು. ಎದ್ದು ನಡೆಯಿರಿ ನೋಡೋಣ, ಕೈ ಗಟ್ಟಿಯಾಗಿ ಹಿಡಿಯಿರಿ ನೋಡೋಣ ಅಂತ ಒಬ್ಬರಾದರೂ ಹೇಳಿದ್ದರೆ ಆ ಕೋಣೆಯಲ್ಲೇ ಗೊತ್ತಾಗುತ್ತಿತ್ತು. ಅಪ್ಪ ಬಿದ್ದದ್ದು ಆಮೇಲೆ. ಅದನ್ನು ಇಲ್ಲಿ ಬರೆಯುವ ಶಕ್ತಿ ನನಗಿಲ್ಲ.

ಈಗ ತೂಕ ಇಳಿಸುವ ಇಂಜೆಕ್ಷನ್‌ಗಳ ಕಾಲ. ಅವುಗಳಿಂದ ನಿಜಕ್ಕೂ ಅನುಕೂಲವಾದವರಿದ್ದಾರೆ, ನಾನು ವಿರೋಧಿಸುತ್ತಿಲ್ಲ. ಆದರೆ ಇಳಿದ ತೂಕದಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೊಬ್ಬಲ್ಲದ ದೇಹದ ಭಾಗವಾಗಿರುತ್ತದೆ, ಅದರಲ್ಲಿ ಸ್ನಾಯುವೂ ಸೇರಿದೆ. ಬಿಎಂಐ ಇಳಿದದ್ದನ್ನೇ ನೋಡುತ್ತಾ ಕೂತರೆ ಹೋದದ್ದು ಯಾವುದು ಅಂತ ತಿಳಿಯುವುದೇ ಇಲ್ಲ. ಅರವತ್ತು ದಾಟಿದ ಅಪ್ಪ-ಅಮ್ಮನಿಗೆ ಇದನ್ನು ಕೊಡಿಸುತ್ತಿರುವವರು ಸ್ನಾಯುವಿನ ಬಗ್ಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ವೈದ್ಯಲೋಕಕ್ಕೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಅಮೆರಿಕದ ವೈದ್ಯರ ಸಂಘ 2023ರಲ್ಲಿ, ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಬಿಎಂಐ ಒಂದನ್ನೇ ನಂಬಬೇಡಿ, ಬೇರೆ ಅಳತೆಗಳನ್ನೂ ಜೊತೆಗಿಟ್ಟುಕೊಳ್ಳಿ ಅಂತ ನಿರ್ಣಯ ಮಾಡಿತು. ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗ 2025ರ ಜನವರಿಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ಬಿಎಂಐ ಜೊತೆ ಸೊಂಟದ ಅಳತೆಯಂಥದ್ದು ಒಂದಾದರೂ ಇರಬೇಕು, ಇಲ್ಲವೇ ಕೊಬ್ಬನ್ನೇ ನೇರವಾಗಿ ಅಳೆಯಬೇಕು. ಕೊಬ್ಬು ಹೆಚ್ಚಿದ್ದೂ ಅಂಗಾಂಗಗಳು ಸರಿಯಾಗಿರುವವರನ್ನು, ಕೊಬ್ಬಿನಿಂದ ಈಗಾಗಲೇ ತೊಂದರೆ ಶುರುವಾದವರನ್ನು ಬೇರೆ ಬೇರೆಯಾಗಿ ನೋಡಬೇಕು. ಮಾತು ಕಾಗದದ ಮೇಲೆ ಬಂದಾಗಿದೆ. ಮೇಜಿನ ತನಕ ಬರಬೇಕಾದದ್ದು ಒಂದು ಟೇಪ್.

ಶಿಬಿರದವರಿಗೆ ಪತ್ರ ಬರೆದು ಕೊಟ್ಟಿದ್ದೇನೆ. ಬಣ್ಣ ತೆಗೆಯಿರಿ, ಸೊಂಟ ಅಳೆಯಿರಿ, ಮನೆಯಲ್ಲಿ ಯಾರಿಗೆ ಶುಗರ್ ಇದೆ ಕೇಳಿ, 35 ದಾಟಿದವರಿಗೆಲ್ಲ ರಕ್ತ ಪರೀಕ್ಷೆ ಮಾಡಿ. ಸರ್ ಅವರಿಗೂ ಹೇಳಿದ್ದೇನೆ. “ಹಸಿರು ಬಂದಿದೆಯಲ್ಲಮ್ಮ, ಯಾಕೆ ಸುಮ್ಮನೆ ಗಾಬರಿ” ಅಂದರು. ಇವತ್ತು ಮತ್ತೆ ಹೇಳಿದೆ. ನಾಳೆಯೂ ಹೇಳುತ್ತೇನೆ.

ಬರೆಯುತ್ತಿರುವಾಗಲೇ ಗೆಳತಿಯೊಬ್ಬಳ ಮೆಸೇಜ್ ಬಂತು. ಅವಳ ಎಂಟು ವರ್ಷದ ಮಗಳ ಎತ್ತರ-ತೂಕವನ್ನು ಫೋನಿನ ಕ್ಯಾಲ್ಕುಲೇಟರಿಗೆ ಹಾಕಿದ್ದಾಳೆ. 126 ಸೆಂ.ಮೀ., 25 ಕೆ.ಜಿ., ಬಿಎಂಐ 15.7. ‘ತೀವ್ರ ಕಡಿಮೆ ತೂಕ’ ಅಂತ ತೋರಿಸಿತಂತೆ. ಗಾಬರಿಯಿಂದ ಕೇಳಿದ್ದಾಳೆ, ಮಗುವಿಗೆ ಬಲವಂತವಾಗಿ ತಿನ್ನಿಸಬೇಕೇ ಅಂತ. ಆ ಕ್ಯಾಲ್ಕುಲೇಟರ್ ದೊಡ್ಡವರದು. ಮಕ್ಕಳ ಬಿಎಂಐ ಐದಾರು ವರ್ಷದ ಹೊತ್ತಿಗೆ ತೀರಾ ಕೆಳಗಿಳಿದು ಆಮೇಲೆ ಏರುತ್ತಾ ಹೋಗುತ್ತದೆ, ಅದಕ್ಕೇ ಅವರನ್ನು ವಯಸ್ಸಿಗೆ ತಕ್ಕ ಬೆಳವಣಿಗೆಯ ಪಟ್ಟಿಯಲ್ಲಿಟ್ಟು ನೋಡುತ್ತಾರೆ. ಎಂಟು ವರ್ಷದ ಹುಡುಗಿಗೆ 15.7 ಅಂದರೆ ಆ ಪಟ್ಟಿಯ ಹೆಚ್ಚುಕಡಿಮೆ ನಟ್ಟನಡುವೆ. ಮಗುವಿನ ಎದುರು ತೂಕದ ಮಾತು ಎತ್ತಬೇಡ, ಬಲವಂತ ಮಾಡಬೇಡ, ಹೋದ ವರ್ಷದ ಎತ್ತರ-ತೂಕ ಬರೆದಿಟ್ಟಿದ್ದರೆ ಅದನ್ನೂ ಹಿಡಿದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗು ಅಂತ ಉತ್ತರ ಬರೆದೆ. ನಿಮ್ಮಲ್ಲಿ ಯಾರಾದರೂ ಮಕ್ಕಳ ಲೆಕ್ಕವನ್ನು ಹಾಗೆ ಫೋನಿನಲ್ಲಿ ಹಾಕಿದ್ದರೆ ಆ ಉತ್ತರ ನಿಮಗೂ ಸೇರಿದ್ದು.